ಚಾರ್ಟು, ಹಾಸಿಗೆ, ಬಾಯಿಮಾತು: ಸಿಕ್ಯೂಸಿ ನಿಜಕ್ಕೂ ನೋಡುವುದೇನು?

ನಮಸ್ಕಾರ ಸಿಸ್ಟರ್. ಮಂಗಳೂರಿನ ಐಸಿಯು ಬಿಟ್ಟು ಇಂಗ್ಲೆಂಡಿನ ನರ್ಸಿಂಗ್ ಹೋಮಿಗೆ ಸೇರಿದ್ದೀರಿ. ಮ್ಯಾನೇಜರ್ ದಿನಾ "ಸಿಕ್ಯೂಸಿ ಯಾವಾಗ ಬೇಕಾದರೂ ಬರಬಹುದು" ಅಂತಾರೆ, ಇಷ್ಟೊಂದು ಕಾಗದ ಬರೆಯೋದು ಯಾರಿಗೆ, ಇದರಲ್ಲಿ ಯಾವುದು ಮುಖ್ಯ ಅಂತ ಕೇಳಿದ್ದೀರಿ. ನರ್ಸ್ ಕೈಯಲ್ಲಿರುವ ಕೆಲಸದ ಮಟ್ಟಿಗೆ ಹೇಳುತ್ತೇನೆ; ಬಾಡಿಗೆ, ಚಳಿ, ತರಕಾರಿ ವಿಷಯ ಆಮೇಲೆ.

ಸಿಕ್ಯೂಸಿ ಅಂದರೆ ಕೇರ್ ಕ್ವಾಲಿಟಿ ಕಮಿಷನ್, ಆರೈಕೆಯ ಗುಣಮಟ್ಟ ತಪಾಸಣೆ ಮಾಡುವ ಸಂಸ್ಥೆ; ಇದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ಗೆ ಬೇರೆ ಸಂಸ್ಥೆಗಳಿವೆ. ಇವರ ಕೈಪಿಡಿ 2008ರ ಹೆಲ್ತ್ ಅಂಡ್ ಸೋಶಿಯಲ್ ಕೇರ್ ಆಕ್ಟ್ ಅಡಿ ಬಂದ 2014ರ ನಿಯಮಗಳು. ಪೂರ್ತಿ ಓದುವ ಪುರುಸೊತ್ತು ಇಲ್ಲದಿದ್ದರೆ ನಾಲ್ಕು ಓದಿಕೊಳ್ಳಿ: ಒಪ್ಪಿಗೆಯ 11, ಸುರಕ್ಷಿತ ಆರೈಕೆಯ 12, ಆಡಳಿತ ಮತ್ತು ದಾಖಲೆಯ 17, ಸಿಬ್ಬಂದಿಯ 18. ಹೋಮುಗಳು ಹೆಚ್ಚಾಗಿ ಮುಗ್ಗರಿಸುವುದು 12 ಮತ್ತು 17ರಲ್ಲೇ.

ಇನ್‌ಸ್ಪೆಕ್ಟರ್ ಸಾಮಾನ್ಯವಾಗಿ ಹೇಳದೆ ಕೇಳದೆ ಬರುತ್ತಾರೆ. ಮೂರ್ನಾಲ್ಕು ರೆಸಿಡೆಂಟ್‌ಗಳನ್ನು (ಹೋಮಿನಲ್ಲಿ ವಾಸವಿರುವವರನ್ನು) ಆರಿಸಿಕೊಂಡು, ಅವರ ಕೇರ್ ಪ್ಲಾನ್ ಓದಿ, ಕೋಣೆಗೆ ಹೋಗಿ ನೋಡಿ, ಆಮೇಲೆ ಅವರನ್ನು ನೋಡಿಕೊಳ್ಳುವ ಕೇರರ್‌ನ್ನು ಕೇಳುತ್ತಾರೆ. ಕಾಗದ, ಹಾಸಿಗೆ, ಬಾಯಿಮಾತು ಮೂರೂ ಒಂದೇ ಹೇಳಬೇಕು. ಕಾಗದ ಕಡಿಮೆ ಇದ್ದರೆ ಸರಿಪಡಿಸಿ ಅನ್ನುತ್ತಾರೆ. ಕಾಗದ ಒಂದು, ಕೋಣೆ ಇನ್ನೊಂದು ಹೇಳಿದರೆ ಮಿಕ್ಕ ಕಾಗದಗಳನ್ನೂ ನಂಬುವುದಿಲ್ಲ.

ಮಲಗಿ ಮಲಗಿ ಆಗುವ ಒತ್ತಡದ ಹುಣ್ಣು ತಡೆಯುವ ಗಾಳಿ ಹಾಸಿಗೆ, ಏರ್ ಮ್ಯಾಟ್ರೆಸ್‌ನ್ನೇ ತೆಗೆದುಕೊಳ್ಳಿ. ಹಲವು ಪಂಪ್‌ಗಳನ್ನು ರೆಸಿಡೆಂಟ್ ತೂಕಕ್ಕೆ ತಕ್ಕಂತೆ ಹೊಂದಿಸಬೇಕು. ಅಜ್ಜಿಯ ತೂಕ 46 ಕಿಲೋ, ಪಂಪ್ 90ರಲ್ಲಿದ್ದರೆ ಆ ಹಾಸಿಗೆ ಹಲಗೆಯೇ ಸರಿ. ಹುಣ್ಣು ತಡೆಯಲು ತಂದದ್ದೇ ಹುಣ್ಣು ಮಾಡುತ್ತದೆ. ತಪ್ಪುವುದು ಹೀಗೆ: ನೆಲ ಒರೆಸುವಾಗ ಡಯಲ್‌ಗೆ ಕೈ ತಗಲುತ್ತದೆ, ಪಂಪ್ ಬದಲಿಸಿದವರು ಹೊಸದನ್ನು ಹೊಂದಿಸಿರುವುದಿಲ್ಲ, ಅಜ್ಜಿಯ ತೂಕ ಇಳಿದುಹೋದರೂ ಸೆಟ್ಟಿಂಗ್ ಹಳೆಯದೇ ಉಳಿದಿರುತ್ತದೆ. ಆದ್ದರಿಂದ ಪ್ರತಿ ಶಿಫ್ಟಿನಲ್ಲೂ ನೋಡಿ, "ಸರಿ ಇದೆ" ಅಂತ ಟಿಕ್ ಹಾಕದೆ ಅಂಕಿಯನ್ನೇ ಬರೆಯಿರಿ. ತೂಕ ತಿಂಗಳಿಗೊಮ್ಮೆಯಾದರೂ ನೋಡಬೇಕು. ಪೌಷ್ಟಿಕತೆ ಕೊರತೆಯ ಅಪಾಯ ಅಳೆಯುವ ಮಸ್ಟ್ ಸ್ಕೋರ್ 1 ಬಂದರೆ ಮೂರು ದಿನ ತಿಂದದ್ದನ್ನು ಬರೆದಿಡಬೇಕು, 2 ಅಥವಾ ಹೆಚ್ಚಾದರೆ ಡಯಟಿಷಿಯನ್‌ಗೆ ಕಳಿಸಬೇಕು. ಸ್ಕೋರ್ ಬರೆದು ಮುಂದೇನೂ ಮಾಡದಿರುವುದು ಸ್ಕೋರ್ ಬರೆಯದೇ ಇರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಗೊತ್ತಿದ್ದೂ ಸುಮ್ಮನಿದ್ದಿರಿ ಅನ್ನುವುದಕ್ಕೆ ನಿಮ್ಮ ಸಹಿಯೇ ಸಾಕ್ಷಿ. ಮಗ್ಗುಲು ಬದಲಿಸುವ ಚಾರ್ಟಿನಲ್ಲಿ 2.00, 4.00, 6.00 ಅಂತ ಮುತ್ತು ಪೋಣಿಸಿದ ಹಾಗೆ ಸಮಯ ಇದ್ದರೆ ಇನ್‌ಸ್ಪೆಕ್ಟರ್ ಮುಗುಳ್ನಗುತ್ತಾರೆ. ಇಬ್ಬರು ಕೇರರ್ ಹನ್ನೆರಡು ಜನರನ್ನು ಒಂದೇ ನಿಮಿಷಕ್ಕೆ ತಿರುಗಿಸಲು ಆಗುವುದಿಲ್ಲ. 2.20ಕ್ಕೆ ಮಾಡಿದರೆ 2.20 ಅಂತಲೇ ಬರೆಯಲಿ.

ಔಷಧಿ ವಿಷಯ ನಿಮ್ಮದೇ ಹೊಣೆ. ಔಷಧಿ ಕೊಟ್ಟದ್ದನ್ನು ದಾಖಲಿಸುವ ಮಾರ್ ಚಾರ್ಟಿನಲ್ಲಿ ಖಾಲಿ ಚೌಕ ಅಂದರೆ ಕೊಟ್ಟಿರೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದರ್ಥ. ಕೊಡದಿದ್ದರೆ ಕೋಡ್ ಹಾಕಿ, ಕಾರಣ ಬರೆಯಿರಿ. ಎರಡು ದಿನ ಬಿಟ್ಟು ನೆನಪಿನಿಂದ ಸಹಿ ತುಂಬಬೇಡಿ. ಸ್ಟಾಕ್ ಎಣಿಸಿದರೆ ಮಾತ್ರೆ ಮಿಕ್ಕಿರುತ್ತದೆ, ಸಹಿ ಸುಳ್ಳಾಗುತ್ತದೆ. ಪಾರ್ಕಿನ್ಸನ್ಸ್ ಮಾತ್ರೆ ಹೇಳಿದ ಸಮಯದಿಂದ 30 ನಿಮಿಷದೊಳಗೆ ಹೋಗಬೇಕು, ಔಷಧಿ ಹಂಚುವ ರೌಂಡ್ ಅಲ್ಲಿಗೆ ತಲುಪಿದಾಗ ಅಲ್ಲ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನಿಕ್ ಆಸಿಡ್ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮೊದಲು, ಕೂರಿಸಿ ಕೊಡಬೇಕು. ಬೆಳಗಿನ ರೌಂಡಿಗೆ ಬಿಟ್ಟರೆ ತಿಂಡಿ ಜೊತೆ ಬೆರೆತುಹೋಗುತ್ತದೆ, ನೈಟ್ ನರ್ಸ್ ಜೊತೆ ಮಾತಾಡಿಕೊಳ್ಳಿ. ಚರ್ಮಕ್ಕೆ ಅಂಟಿಸುವ ನೋವಿನ ಔಷಧಿ ಫೆಂಟನಿಲ್ ಪ್ಯಾಚ್ ಹಾಕುವ ಮೊದಲು ಹಳೆಯದನ್ನು ಹುಡುಕಿ ತೆಗೆಯಿರಿ, ಹೊಸದರ ಜಾಗವನ್ನು ಬಾಡಿ ಮ್ಯಾಪಿನಲ್ಲಿ (ದೇಹದ ಚಿತ್ರದಲ್ಲಿ) ಗುರುತಿಸಿ.

ಔಷಧಿ ಫ್ರಿಜ್ 2ರಿಂದ 8 ಡಿಗ್ರಿಯಲ್ಲಿರಬೇಕು. ಇಲ್ಲೊಂದು ತಮಾಷೆ ನೋಡಿ: ದಿನಾ ಮಿನಿಮಮ್, ಮ್ಯಾಕ್ಸಿಮಮ್ ಬರೆಯುತ್ತಾರೆ, ಥರ್ಮಾಮೀಟರ್ ರೀಸೆಟ್ ಮಾಡುವುದಿಲ್ಲ. ಎಂದೋ ಒಂದು ದಿನ ಬಾಗಿಲು ತೆರೆದಿದ್ದಾಗ ಬಂದ 11 ಡಿಗ್ರಿ ತಿಂಗಳಿಡೀ ಮ್ಯಾಕ್ಸಿಮಮ್ ಆಗಿ ಮೆರೆಯುತ್ತದೆ, ಕೆಳಗೆ ಎಲ್ಲರ ಸಹಿ! ಓದಿ, ಬರೆದು, ರೀಸೆಟ್ ಮಾಡಿ. ಹೆಚ್ಚಿದ್ದರೆ ಫಾರ್ಮಸಿಗೆ ಫೋನ್ ಮಾಡಿದ್ದನ್ನೂ ಬರೆಯಿರಿ.

ನಮ್ಮ ಕಡೆಯಿಂದ ಬಂದವರಿಗೆ ಜಾಸ್ತಿ ಎಡವಟ್ಟಾಗುವುದು ಒಪ್ಪಿಗೆಯಲ್ಲಿ. ಊರಲ್ಲಿ ಮಗ ಸಹಿ ಹಾಕಿದರೆ ಮುಗಿಯಿತು. ಇಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಆಕ್ಟ್ ಪ್ರಕಾರ ತಾಯಿಯ ಬೆಡ್ ರೈಲ್‌ಗೆ (ಹಾಸಿಗೆಯಿಂದ ಬೀಳದಂತೆ ಹಾಕುವ ಕಂಬಿಗೆ) ಮಗ ಒಪ್ಪಿಗೆ ಕೊಡಲಾರ, ಅವನ ಹೆಸರಿನಲ್ಲಿ ಆರೋಗ್ಯ ಸಂಬಂಧದ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ತಾಯಿ ಪರವಾಗಿ ನಿರ್ಧರಿಸುವ ಅಧಿಕಾರಪತ್ರ) ಇಲ್ಲದಿದ್ದರೆ. ಮೊದಲು ಈ ನಿರ್ದಿಷ್ಟ ವಿಷಯ ತಾಯಿಗೆ ಅರ್ಥವಾಗುತ್ತದೆಯೇ ಅಂತ ಪರೀಕ್ಷಿಸಿ ಬರೆಯಬೇಕು. ಆಗದಿದ್ದರೆ ಮನೆಯವರನ್ನೂ ಕೇಳಿ ಆಕೆಯ ಹಿತದ ನಿರ್ಧಾರ ದಾಖಲಿಸಬೇಕು. ಅನ್ನದಲ್ಲಿ ಮಾತ್ರೆ ಬೆರೆಸಿ ಕೊಡುವುದೂ ಹಾಗೆಯೇ, ಜಿಪಿ (ಸ್ಥಳೀಯ ವೈದ್ಯರು) ಮತ್ತು ಫಾರ್ಮಸಿಸ್ಟ್ ಸೇರಿ ತೀರ್ಮಾನಿಸದೆ ಮುಟ್ಟಬೇಡಿ. ಸದಾ ಕಣ್ಗಾವಲಿನಲ್ಲಿದ್ದು ಹೊರಗೆ ಹೋಗಲು ಬಿಡದಿರುವ, ಅದಕ್ಕೆ ಒಪ್ಪಿಗೆ ಕೊಡುವಷ್ಟು ತಿಳಿವಳಿಕೆ ಉಳಿಯದವರಿಗೆ ಸ್ಥಳೀಯ ಕೌನ್ಸಿಲ್‌ನಿಂದ ಡೋಲ್ಸ್ ಅನುಮತಿ, ಅಂದರೆ ಹಾಗೆ ಸ್ವಾತಂತ್ರ್ಯ ನಿರ್ಬಂಧಿಸಲು ಕಾನೂನಿನ ಒಪ್ಪಿಗೆ, ಬೇಕು. ಅದು ಗರಿಷ್ಠ 12 ತಿಂಗಳು. ಕೌನ್ಸಿಲ್ ತಡ ಮಾಡುವುದು ಮಾಮೂಲು; ಅರ್ಜಿ ಕಳಿಸಿದ್ದಕ್ಕೂ ನೆನಪಿಸಿದ್ದಕ್ಕೂ ಪುರಾವೆ ಫೈಲಿನಲ್ಲಿರಲಿ.

ಉಳಿದದ್ದು ಬೇಗ ಹೇಳುತ್ತೇನೆ. ರೆಸಿಡೆಂಟ್‌ನ್ನು ಎತ್ತುವ ಯಂತ್ರ ಹಾಯಿಸ್ಟ್, ಅದರ ಜೋಲಿ ಸ್ಲಿಂಗ್, ಎರಡಕ್ಕೂ ಲೋಲರ್ (ಎತ್ತುವ ಸಾಧನಗಳ ನಿಯಮದ) ತಪಾಸಣೆ ಆರು ತಿಂಗಳಿಗೊಮ್ಮೆ. ಲೇಬಲ್ ಅಳಿಸಿದ ಸ್ಲಿಂಗ್ ಬಳಸಬೇಡಿ. ಸ್ನಾನದ ನೀರು 44 ಡಿಗ್ರಿ ದಾಟಬಾರದು. ಕಿಟಕಿ 100 ಮಿಲಿಮೀಟರ್‌ಗಿಂತ ಹೆಚ್ಚು ತೆರೆಯಬಾರದು. ನುಂಗಲು ಕಷ್ಟವಿರುವವರಿಗೆ ನೀರು ದಪ್ಪ ಮಾಡುವ ಪುಡಿಯನ್ನು ಮೇಜಿನ ಮೇಲೆ ಬಿಡಬೇಡಿ. ಡಿಮೆನ್ಷಿಯಾ ಇರುವವರು ಒಣ ಪುಡಿಯನ್ನೇ ಬಾಯಿಗೆ ಹಾಕಿಕೊಂಡರೆ ಗಂಟಲು ಕಟ್ಟುತ್ತದೆ. ಆಹಾರ ಎಷ್ಟು ಮೆತ್ತಗಿರಬೇಕು ಅನ್ನುವ ಲೆವೆಲ್ ಬದಲಾದ ದಿನವೇ ಅಡುಗೆಮನೆಯ ಪಟ್ಟಿಯೂ ಬದಲಾಗಬೇಕು, ಇಲ್ಲದಿದ್ದರೆ ಏಜೆನ್ಸಿಯಿಂದ ಬಂದ ತಾತ್ಕಾಲಿಕ ಕೇರರ್ ಹಳೆಯ ಪಟ್ಟಿ ನೋಡಿ ಬಿಸ್ಕತ್ತು ಕೊಟ್ಟಿರುತ್ತಾರೆ.

ಸಾವು, ಗಂಭೀರ ಗಾಯ, ದೌರ್ಜನ್ಯದ ಆರೋಪ, ಹೋಮಿನಲ್ಲೇ ಆದ ಗ್ರೇಡ್ 3 (ಆಳಕ್ಕಿಳಿದ) ಅಥವಾ ಮೇಲಿನ ಒತ್ತಡದ ಹುಣ್ಣು: ಇವನ್ನು ತಡಮಾಡದೆ ಸಿಕ್ಯೂಸಿಗೆ ತಿಳಿಸಬೇಕು. ದೌರ್ಜನ್ಯದ ಸಂಶಯವಿದ್ದರೆ ಕೌನ್ಸಿಲ್‌ನ ಸೇಫ್‌ಗಾರ್ಡಿಂಗ್ (ದೌರ್ಜನ್ಯದಿಂದ ರಕ್ಷಿಸುವ) ತಂಡಕ್ಕೂ ತಿಳಿಸಬೇಕು. ಒಂದಕ್ಕೆ ಹೇಳಿದರೆ ಇನ್ನೊಂದಕ್ಕೆ ಹೇಳಿದಂತಲ್ಲ. ಫಾರ್ಮ್ ಕಳಿಸುವುದು ಮ್ಯಾನೇಜರ್, ಆದರೆ ರಾತ್ರಿ ಬಿದ್ದು ಸೊಂಟ ಮುರಿದದ್ದನ್ನು ಹ್ಯಾಂಡೋವರ್‌ನಲ್ಲಿ ನೀವು ಹೇಳದಿದ್ದರೆ ಅವರು ಕಳಿಸುವುದೆಲ್ಲಿಂದ?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹಾಯಿಸ್ಟ್‌ನಲ್ಲಿ ತೂಗುತ್ತಿರುವ ಅಜ್ಜನ ತಲೆ ಮೇಲೆ ನೀವಿಬ್ಬರು ಕನ್ನಡ, ತುಳು, ಮಲಯಾಳಂ ಮಾತಾಡಿದರೆ ಅವರಿಗೆ ಗಾಬರಿಯಾಗುತ್ತದೆ, ಇನ್‌ಸ್ಪೆಕ್ಟರ್ ಅದನ್ನು 10ನೇ ನಿಯಮದ ಗೌರವದ ಪ್ರಶ್ನೆಯಾಗಿ ಬರೆದುಕೊಳ್ಳಬಹುದು. ಮಾತು ಸ್ಟಾಫ್ ರೂಮಿನಲ್ಲಿರಲಿ.

"ಖಾಲಿ ಚಾರ್ಟು ತುಂಬಿಸಿಬಿಡು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ವೀಸಾ ಅವರ ಕೈಯಲ್ಲಿದೆ ಅಂತ ಹೆದರಿಯೂ ಬೇಡ. ಕೆಲಸ ಹೋದರೂ ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್‌ನ ಪತ್ರ ಬಂದ ಮೇಲೆ ಹೊಸ ಸ್ಪಾನ್ಸರ್ (ವೀಸಾ ಕೊಡಿಸುವ ಉದ್ಯೋಗದಾತ) ಹುಡುಕಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ನರ್ಸ್‌ಗಳ ನೋಂದಣಿ ಸಂಸ್ಥೆ ಎನ್‌ಎಂಸಿ ಕೊಟ್ಟ ಪಿನ್ (ನೋಂದಣಿ ಸಂಖ್ಯೆ) ಹೋದರೆ ಯಾವ ಹೋಮಿನಲ್ಲೂ ನರ್ಸ್ ಆಗಿ ನಿಲ್ಲಲಾಗದು. ತಪ್ಪಿಹೋದದ್ದಕ್ಕೆ ಇವತ್ತಿನ ತಾರೀಖು, ಈಗಿನ ಸಮಯ ಹಾಕಿ "ತಡವಾಗಿ ಬರೆದದ್ದು" ಅಂತಲೇ ನಮೂದಿಸಿ, ನಿಮಗೆ ಖಚಿತವಾಗಿ ಗೊತ್ತಿರುವಷ್ಟನ್ನು ಮಾತ್ರ ಬರೆಯಿರಿ.