ಹೆಣಿಗೆ ಪ್ರಶ್ನೋತ್ತರ: ಗೂಟದ ಲೂಮ್‌ನಲ್ಲಿ ಟೋಪಿ, ಮಫ್ಲರ್

ಪ್ರಶ್ನೆ: ದುಂಡು ಲೂಮ್ (ಸುತ್ತಲೂ ಗೂಟ ನೆಟ್ಟ ಬಳೆಯಂಥ ಹೆಣಿಗೆ ಚೌಕಟ್ಟು) ಸೆಟ್ ತರಿಸಿಕೊಂಡು, ಅಂಗಡಿಯಲ್ಲಿ ಸಿಕ್ಕ ಉಲ್ಲನ್‌ನಿಂದ ಟೋಪಿ ಹೆಣೆದೆ. ಸೊಳ್ಳೆ ಪರದೆಯ ಹಾಗೆ ತೂತು ತೂತಾಗಿದೆ. ಲೂಮ್ ಸರಿಯಿಲ್ಲವೇ?
(ಓದುಗರು, ಚಿಕ್ಕಮಗಳೂರು)

ಉತ್ತರ: ಲೂಮ್ ಸರಿಯಿದೆ, ದಾರ ತೆಳುವಾಯಿತು. ಕಡ್ಡಿ ಹೆಣಿಗೆಯಲ್ಲಾದರೆ ದಾರ ನೋಡಿ ಕಡ್ಡಿ ಆರಿಸಿಕೊಳ್ಳಬಹುದು. ಇಲ್ಲಿ ಗೂಟಗಳು ನೆಟ್ಟಲ್ಲೇ ನೆಟ್ಟಿವೆ. ಈ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ಗೂಟದಿಂದ ಇನ್ನೊಂದಕ್ಕೆ ಮುಕ್ಕಾಲು ಇಂಚಿನ ಆಸುಪಾಸು ಅಂತರವಿರುತ್ತದೆ. ಅದನ್ನು ತುಂಬುವಷ್ಟು ದಪ್ಪ ದಾರ ಬೇಕು. ಮಾಮೂಲಿ ಸ್ವೆಟರ್ ಉಲ್ಲನ್ ಆದರೆ ಎರಡೆಳೆ, ಮಕ್ಕಳ ಸ್ವೆಟರ್‌ನ ಸಣ್ಣ ದಾರವಾದರೆ ಮೂರೆಳೆ ಜೋಡಿಸಿ ಒಂದೇ ದಾರವೆಂಬಂತೆ ಸುತ್ತಿ. ಒಂದೇ ಉಂಡೆಯ ಒಳತುದಿ, ಹೊರತುದಿ ಎರಡನ್ನೂ ಎಳೆದುಕೊಂಡರೆ ಅರ್ಧ ಟೋಪಿಯಾಗುವಷ್ಟರಲ್ಲಿ ಸಿಕ್ಕುಸಿಕ್ಕಾಗುತ್ತದೆ. ಬೇರೆ ಬೇರೆ ಉಂಡೆ ಇಟ್ಟುಕೊಳ್ಳಿ. ದೊಡ್ಡವರ ಟೋಪಿಗೆ 120 ಗ್ರಾಂ ತಂದರೆ ನಿಶ್ಚಿಂತೆ. ಲೇಬಲ್‌ನಲ್ಲಿ ಲಾಟ್ ಸಂಖ್ಯೆ (ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು) ಒಂದೇ ಇದೆಯೇ ನೋಡಿ ತನ್ನಿ. ಬೇರೆ ಲಾಟ್‌ನ ಬಣ್ಣ ಅಂಗಡಿಯ ದೀಪದಡಿ ಒಂದೇ ಅನ್ನಿಸಿ, ಬಿಸಿಲಲ್ಲಿ ಪಟ್ಟೆಯಾಗಿ ಕಾಣುತ್ತದೆ.

ಪ್ರಶ್ನೆ: ಕುಣಿಕೆ ಎತ್ತುವಷ್ಟರಲ್ಲಿ ಬೆರಳು ನೋಯುತ್ತದೆ. ಕೊಕ್ಕೆ ಬದಲಿಸಲೇ?
(ಓದುಗರು, ಧಾರವಾಡ)

ಉತ್ತರ: ಕೊಕ್ಕೆಯ ತಪ್ಪಲ್ಲ, ಕೈ ಬಿಗಿ. ದಾರ ಗೂಟದ ಹೊರಮೈ ಬಳಸಿ ಒಳಗೆ ಬಂದು, ತನ್ನನ್ನೇ ದಾಟಿ ಮುಂದಿನ ಗೂಟಕ್ಕೆ ಹೋಗಬೇಕು. ಅದನ್ನು ಸುಮ್ಮನೆ ಒರಗಿಸಿದಂತೆ ಸುತ್ತಿದರೆ ಸಾಕು, ಎಳೆಯಬಾರದು. ಸುತ್ತಿದ ಮೇಲೆ ಕುಣಿಕೆಯನ್ನು ಉಗುರಿನಿಂದ ಮೇಲೆ ಕೆಳಗೆ ಜಾರಿಸಿ ನೋಡಿ. ಸಲೀಸಾಗಿ ಜಾರಿದರೆ ಹದ ಸರಿ. ಗೂಟದ ಹೊರಬದಿಯಲ್ಲಿ ಉದ್ದಕ್ಕೆ ಒಂದು ಸಣ್ಣ ತೋಡು ಇರುತ್ತದೆ. ಕೊಕ್ಕೆಯ ಮೂತಿಯನ್ನು ಆ ತೋಡಿನೊಳಗಿಂದಲೇ ಕೆಳಗಿನ, ಅಂದರೆ ಹಿಂದಿನ ಸಾಲಿನ ಕುಣಿಕೆಗೆ ತೂರಿಸಿ, ಮೊದಲು ಹೊರಕ್ಕೆ ಸ್ವಲ್ಪ ಎಳೆದು ಆಮೇಲೆ ಮೇಲಕ್ಕೆತ್ತಿ ಗೂಟದ ತಲೆ ದಾಟಿಸಿ. ದಾರದ ಮೇಲಿಂದ ಚುಚ್ಚಿದರೆ ಎಳೆ ಸೀಳಿ ಅರ್ಧ ಮಾತ್ರ ಎದ್ದುಬರುತ್ತದೆ. ಜೋಡಿ ಎಳೆಯಲ್ಲಿ ಒಂದೆಳೆ ಬಿಟ್ಟುಹೋಗುವುದೂ ಹೀಗೆಯೇ.

ಪ್ರಶ್ನೆ: ಮೊಮ್ಮಗಳಿಗೆ ಕುಲಾವಿ, ಯಜಮಾನರಿಗೆ ಟೋಪಿ ಹೆಣೆಯಬೇಕು. ಯಾವ ಲೂಮ್? ಅಂಚು ಮಡಿಸುವುದು, ನೆತ್ತಿ ಮುಚ್ಚುವುದು ಹೇಗೆ?
(ಓದುಗರು, ಮಡಿಕೇರಿ)

ಉತ್ತರ: ಹಸುಗೂಸಿಗೆ 24 ಗೂಟದ್ದು, ಶಾಲೆಗೆ ಹೋಗುವ ಮಕ್ಕಳಿಗೆ 30 ಅಥವಾ 31, ಹೆಂಗಸರಿಗೆ 36, ಗಂಡಸರಿಗೆ 40 ಅಥವಾ 41. ಗಂಡಸರ ತಲೆ ಸಣ್ಣದಾದರೆ 36 ಕೂಡ ಹಿಡಿಸುತ್ತದೆ. ಟೋಪಿಯ ಸುತ್ತಳತೆ ತಲೆಯದಕ್ಕಿಂತ ಒಂದೆರಡು ಇಂಚು ಕಡಿಮೆಯಿದ್ದರೇನೇ ಜಾರದೆ ಕೂರುವುದು.

ಯಜಮಾನರ ಟೋಪಿಗೆ ಮೊದಲು 4 ಇಂಚು ಹೆಣೆಯಿರಿ. ಒಳಗೆ ಇಳಿಬಿದ್ದ ತೊಟ್ಟಮೊದಲ ಸಾಲನ್ನು ಮೇಲೆತ್ತಿ, ಅದರ ಒಂದೊಂದೇ ಕುಣಿಕೆಯನ್ನು ಅದರದೇ ಗೂಟಕ್ಕೆ ಸಿಕ್ಕಿಸಿ, ಪ್ರತಿ ಗೂಟದಲ್ಲೂ ಕೆಳಗಿನದನ್ನು ಮೇಲಿನದರ ಮೇಲಿಂದ ದಾಟಿಸಿ. 2 ಇಂಚಿನ ಜೋಡಿಪದರದ ಅಂಚಾಯಿತು. ಒಂದೇ ಒಂದು ಗೂಟ ತಪ್ಪಿದರೂ ಅಂಚು ಪೂರ್ತಿ ತಿರುಚಿಕೊಳ್ಳುತ್ತದೆ. ಹಾಗಾಗಿ ಮೊದಲ ಗೂಟಕ್ಕೆ ಗುರುತಿನ ಬಣ್ಣದ ದಾರ ಕಟ್ಟಿಟ್ಟಿರಿ. ಇದರ ಮೇಲೆ ಇನ್ನು 7 ಇಂಚು ಹೆಣೆದರೆ ಉದ್ದ ಮುಗಿಯಿತು.

ನೆತ್ತಿಗೆ, ಲೂಮನ್ನು ಎರಡು ಸುತ್ತು ಬಳಸುವಷ್ಟು ದಾರ ಬಿಟ್ಟು ಕತ್ತರಿಸಿ, ದಬ್ಬಳದಂಥ ಮೊಂಡು ಸೂಜಿಗೆ ಪೋಣಿಸಿ. ಎಲ್ಲ ಕುಣಿಕೆಗಳಲ್ಲೂ ಒಂದೇ ಸುತ್ತಿನಲ್ಲಿ ಸೂಜಿ ಹಾಯಿಸಿ ಎಳೆದರೆ, 41 ಗೂಟದ ಟೋಪಿಯಲ್ಲಿ ನೆತ್ತಿ ಗುಪ್ಪೆಯಾಗಿ ನಡುವೆ ಬೆರಳು ಹಿಡಿಯುವಷ್ಟು ತೂತು ಉಳಿಯುತ್ತದೆ. ಮೊದಲ ಸುತ್ತಿನಲ್ಲಿ ಒಂದು ಬಿಟ್ಟು ಒಂದು, ಎರಡನೇ ಸುತ್ತಿನಲ್ಲಿ ಉಳಿದವುಗಳಲ್ಲಿ ಹಾಯಿಸಿ, ಆಮೇಲೆ ಲೂಮಿನಿಂದ ಬಿಡಿಸಿ, ಸ್ವಲ್ಪಸ್ವಲ್ಪವೇ ಎಳೆದು ಒಳಬದಿಯಲ್ಲಿ ಗಂಟು ಹಾಕಿ. ಕುಲಾವಿಗೆ ಈ ತಾಪತ್ರಯವಿಲ್ಲ, ಒಂದೇ ಸುತ್ತು ಸಾಕು. ಆದರೆ ಅದಕ್ಕೆ ಗುಂಡಿ, ಮಣಿ ಹೊಲಿಯಬೇಡಿ. ಕಿತ್ತುಬಂದರೆ ಮಗು ಬಾಯಿಗೆ ಹಾಕಿಕೊಂಡೀತು.

ಪ್ರಶ್ನೆ: ಮಫ್ಲರ್ ಎರಡು ಬದಿಯಿಂದಲೂ ಸುರುಳಿಯಾಗಿ ಕೊಳವೆಯಂತಾಗಿದೆ. ಇಸ್ತ್ರಿ ಹಾಕಿದರೆ ಸರಿಹೋದೀತೇ?
(ಓದುಗರು, ಬೆಳಗಾವಿ)

ಉತ್ತರ: ದಯವಿಟ್ಟು ಇಸ್ತ್ರಿ ಮುಟ್ಟಿಸಬೇಡಿ. ನಿಮ್ಮ ಉಲ್ಲನ್ ಅಕ್ರಿಲಿಕ್ (ಉಣ್ಣೆಯಂತೆ ಕಾಣುವ ಕೃತಕ ನೂಲು) ಆಗಿದ್ದರೆ ಬಿಸಿಗೆ ಮೆತ್ತಗಾಗಿ ಉಸಿರು ಹೋದಂತೆ ಚಪ್ಪಟೆಯಾಗುತ್ತದೆ, ಮತ್ತೆ ಉಬ್ಬುವುದಿಲ್ಲ. ಎಲ್ಲ ಸಾಲನ್ನೂ ಸುತ್ತಿ ದಾಟಿಸಿಯೇ ಹೆಣೆದರೆ ಒಂದು ಮುಖ ಸೀದಾ, ಇನ್ನೊಂದು ಉಲ್ಟಾ ಆಗುತ್ತದೆ. ಎರಡರ ಎಳೆತ ಸಮವಿಲ್ಲದ್ದರಿಂದ ಬದಿಗಳು ಹಿಂದಕ್ಕೆ ಸುತ್ತಿಕೊಳ್ಳುತ್ತವೆ. ಹೆಣೆದಾದ ಮೇಲೆ ಇದಕ್ಕೆ ಮದ್ದಿಲ್ಲ, ಬಿಚ್ಚಿ ಒಂದು ಸಾಲು ಸೀದಾ (ಎಂದಿನಂತೆ ಸುತ್ತಿ ದಾಟಿಸುವುದು), ಒಂದು ಸಾಲು ಉಲ್ಟಾ ಹೆಣೆಯಿರಿ.

ಉಲ್ಟಾ ಸಾಲಿಗೆ ದಾರವನ್ನು ಗೂಟದ ಹೊರಗೆ, ಇರುವ ಕುಣಿಕೆಯ ಕೆಳಗೆ ಇಟ್ಟುಕೊಳ್ಳಿ. ಕೊಕ್ಕೆಯನ್ನು ಮೇಲಿನಿಂದ ಕುಣಿಕೆಯೊಳಗೆ ಇಳಿಸಿ, ದಾರ ಹಿಡಿದು ಮೇಲಕ್ಕೆ ಹೊಸ ಕುಣಿಕೆ ಎಳೆದುಕೊಳ್ಳಿ. ಹಳೆಯದನ್ನು ಗೂಟದಿಂದ ತೆಗೆದು ಹೊಸದನ್ನು ಹಾಕಿ. ಸೀದಾ ಸಾಲಿಗಿಂತ ನಿಧಾನ, ಅದು ನಿಜ. ದುಂಡು ಲೂಮ್‌ನಲ್ಲೇ 14 ಗೂಟ ಬಳಸಿ ಹೋಗಿ ಬಂದು ಮಾಡಿದರೆ 7 ಇಂಚಿನ ಆಸುಪಾಸು ಅಗಲ ಬರುತ್ತದೆ. 60 ಇಂಚು ಉದ್ದಕ್ಕೆ ಸುಮಾರು 250 ಗ್ರಾಂ ಉಲ್ಲನ್ ಬೇಕು.

ಒಗೆದ ಮೇಲೆ ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಜಗ್ಗುತ್ತದೆ. ಟವೆಲಿನಲ್ಲಿ ಸುತ್ತಿ ನೀರು ಹಿಂಡಿ, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ.