ಪ್ರತಿಕ್ರಿಯೆ: ಬ್ಯಾಂಕಾಕ್ ಚಾತುಚಾಕ್ ಸಂತೆಯಲ್ಲಿ ಚೌಕಾಸಿ
ಚೌಕಾಸಿ ಮಾಡಲು ಹೋದರೆ ಅಂಗಡಿಯವರು ಮುಖ ತಿರುಗಿಸಿದರು ಅಂತ ಬರೆದಿದ್ದೀರಿ. 200 ಬಾತ್ (ಥಾಯ್ಲೆಂಡಿನ ಹಣ) ಹೇಳಿದ ಟೀ ಶರ್ಟನ್ನು ನೇರ 100ಕ್ಕೆ ಕೇಳಿದ್ದಕ್ಕೇ ಹಾಗೆ ಮಾಡಿರಬೇಕು. ಚಾತುಚಾಕ್‌ನಲ್ಲಿ ಸಾಮಾನ್ಯವಾಗಿ ಅಷ್ಟೊಂದು ಜಾಸ್ತಿ ಸೇರಿಸಿ ಹೇಳುವುದಿಲ್ಲ. ಬೆಲೆ ಬರೆದು ಹಾಕಿದ ಕಡೆಯಂತೂ ಚೌಕಾಸಿ ಕಷ್ಟವೇ.

ಮೊದಲು ನಾಲ್ಕು ಅಂಗಡಿಯಲ್ಲಿ ಸುಮ್ನೆ ವಿಚಾರಿಸಿ. ಆಮೇಲೆ ಒಂದೇ ಕಡೆ ಮೂರು ಶರ್ಟ್ ಆರಿಸಿ, ನಗುತ್ತಾ ‘ಲೊಟ್ ದಾಯ್ ಮಾಯ್’ ಅನ್ನಿ. ಥಾಯ್ ಭಾಷೆಯಲ್ಲಿ ಕಡಿಮೆ ಮಾಡ್ತೀರಾ ಅಂತ ಅರ್ಥ. ಕೊನೆಗೆ ಗಂಡಸರು ‘ಖ್ರಪ್’, ಹೆಂಗಸರು ‘ಖಾ’ ಸೇರಿಸಬೇಕು. ಅಂಗಡಿಯವರು ಕ್ಯಾಲ್ಕುಲೇಟರ್ ಮುಂದಿಟ್ಟರೆ ಮೂರಕ್ಕೂ ಸೇರಿ 500 ಒತ್ತಿ. ಒಪ್ಪಬಹುದು, ಖಾತ್ರಿ ಕೊಡಲಾರೆ. ಅವರು ಒಪ್ಪಿದ ಮೇಲೆ ಬೇಡ ಅನ್ನಬೇಡಿ.

‘ಆಮೇಲೆ ಬರ್ತೀನಿ’ ಅಂತ ಹೊರಡುವುದಾದರೆ ವಿಭಾಗ ಮತ್ತು ಸೋಯ್ (ಓಣಿ) ನಂಬರಿನ ಫೋಟೋ ತೆಗೆದುಕೊಳ್ಳಿ. ಅಲ್ಲಿರುವುದು 27 ವಿಭಾಗ. ಫೋಟೋ ಇಲ್ಲದೆ ಅದೇ ಅಂಗಡಿ ಮತ್ತೆ ಸಿಗುವುದು ಕಷ್ಟ.