ಯಾರು ಪಾತ್ರೆ ತೊಳೆಯಬೇಕು?

"ವಿಡಿಯೋ ಗೇಮ್ ಪಾತ್ರಗಳ ಪ್ರೀತಿಗೆ ಜನ ಅಷ್ಟೊಂದು ಯಾಕೆ ಮರುಳಾಗುತ್ತಾರೆ? ನಿಮಗೆ ಹಾಗೆ ಇಷ್ಟವಾದ ಜೋಡಿ ಯಾವುದು?" ಅಂತ ಕೇಳಿದ್ದೀರಿ. ಎಲ್ಲರ ಪರವಾಗಿ ನಾನು ಹೇಳಲಾರೆ. ನನ್ನದು ಅನ್‌ಚಾರ್ಟೆಡ್ ಗೇಮ್‌ಗಳ ನೇಥನ್ ಡ್ರೇಕ್ ಮತ್ತು ಎಲೆನಾ ಫಿಷರ್. ಇವರು ಪ್ರೀತಿ ಮಾಡುವುದಕ್ಕಿಂತ ಸಂಸಾರ ಮಾಡುವುದು ನೋಡೋಕೆ ಚೆಂದ. ಕಥೆಯನ್ನು ಕೊನೆವರೆಗೂ ಬಿಚ್ಚಿ ಹೇಳುತ್ತೇನೆ. ಆಡಬೇಕು ಅಂತಿದ್ದರೆ ಇಲ್ಲೇ ಓದು ನಿಲ್ಲಿಸಿಬಿಡಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾಟಿ ಡಾಗ್ ಅನ್ನೋ ಅಮೆರಿಕದ ಕಂಪನಿ ಪ್ಲೇಸ್ಟೇಷನ್‌ಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಕ್ಕೆ, ಮಾಡಿದ ಸಾಹಸದ ಗೇಮ್‌ಗಳು ಇವು. ಮೊದಲನೆಯದು ಬಂದಿದ್ದು 2007ರಲ್ಲಿ. ಆಮೇಲೆ 2009, 2011, ಕೊನೆಗೆ 2016. ಈ ನಾಲ್ಕೂ ನೇಟ್‌ನ ಕಥೆ. ನೇಟ್ ಅಂದರೆ ನೇಥನ್, ನಿಧಿ ಹುಡುಕುವವ. ಬಂಡೆ ಹತ್ತುತ್ತಾನೆ, ಜಾರುತ್ತಾನೆ, ಗುಂಡು ಹಾರಿಸುತ್ತಾನೆ. ಅವನು ಕಾಲಿಟ್ಟ ಪುರಾತನ ಕಟ್ಟಡ ಒಂದಾದರೂ ನೆಟ್ಟಗೆ ಉಳಿದದ್ದು ನನಗಂತೂ ನೆನಪಿಲ್ಲ. ಎಲೆನಾ ಟಿವಿ ಪತ್ರಕರ್ತೆ.

ಮೊದಲ ಗೇಮ್ ಶುರುವಾಗುವುದು ಪನಾಮಾ ಹತ್ತಿರದ ಸಮುದ್ರದಲ್ಲಿ. ಹದಿನಾರನೆಯ ಶತಮಾನದ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್‌ನ ಶವಪೆಟ್ಟಿಗೆಯನ್ನು ನೇಟ್ ಮೇಲೆತ್ತುತ್ತಾನೆ, ಎಲೆನಾ ಕ್ಯಾಮೆರಾ ಹಿಡಿದು ಶೂಟ್ ಮಾಡುತ್ತಾಳೆ. ಪೆಟ್ಟಿಗೆಯಲ್ಲಿ ಹೆಣ ಇಲ್ಲ, ಡೈರಿ ಇದೆ. ಅದು ಸಿಕ್ಕಿದ್ದೇ ತಡ, ನೇಟ್ ಮತ್ತು ಅವನ ಹಿರಿಯ ಗೆಳೆಯ ಸಲ್ಲಿ ಸೇರಿ ಎಲೆನಾಳನ್ನು ಬಂದರಿನಲ್ಲೇ ಬಿಟ್ಟು ಪರಾರಿ. ಮುಂದೆ ಕಾಡಿನಲ್ಲಿ ಅವಳು ಎದುರಾದಾಗ ಮಾಡುವ ಮೊದಲ ಕೆಲಸ, ಅವನ ಮುಖಕ್ಕೆ ಒಂದು ಗುದ್ದು ಕೊಡುವುದು. ಬಿಟ್ಟು ಹೋಗಿದ್ದಕ್ಕೆ. ನನಗೆ ಆವತ್ತೇ ಈ ಹುಡುಗಿ ಇಷ್ಟವಾಗಿಬಿಟ್ಟಳು. ಆಮೇಲೆ ಅವನು ಕೋಟೆಯ ಸೆರೆಯಲ್ಲಿ ಸಿಕ್ಕಿಕೊಂಡಾಗ ಜೀಪ್ ಕಟ್ಟಿ ಎಳೆದು ಬಿಡಿಸುವವಳೂ ಅವಳೇ.

ಗೇಮ್‌ಗಳಲ್ಲಿ ಪ್ರೀತಿ ಅಂದರೆ ಸಾಮಾನ್ಯವಾಗಿ ಎರಡು ಥರ. ಒಂದು, ಕೋಟೆಯಲ್ಲಿ ಕೂತ ರಾಜಕುಮಾರಿಯನ್ನು ಬಿಡಿಸಿಕೊಂಡು ಬರುವುದು. ಇನ್ನೊಂದು, ಸರಿಯಾದ ಉತ್ತರ ಆರಿಸಿ, ಉಡುಗೊರೆ ಕೊಟ್ಟು, ಅವಳಿಗೆ ನಿಮ್ಮ ಮೇಲಿರುವ ಒಲವನ್ನು ಮೀಟರ್ ಥರ ಏರಿಸುತ್ತಾ ಹೋಗುವುದು. ಎರಡನೆಯದನ್ನು ನಾನೂ ತುಂಬಾ ಆಡಿದ್ದೇನೆ, ಬೈಯುತ್ತಿಲ್ಲ. ಆದರೆ ಅಲ್ಲಿ ನನಗೆ ಅನಿಸುವುದು ವ್ಯಾಪಾರ ಕುದುರಿತು ಅಂತ. ಅನ್‌ಚಾರ್ಟೆಡ್‌ನಲ್ಲಿ ಇವರಿಬ್ಬರ ನಡುವಿನದು ಆಡುವವನ ಕೈಯಲ್ಲಿ ಇಲ್ಲವೇ ಇಲ್ಲ. ಅವರ ಪಾಡಿಗೆ ಅವರು ಜಗಳ ಆಡುತ್ತಾರೆ. ನಾವು ಪಕ್ಕದ ಮನೆಯವರ ಥರ ಕಿವಿಗೊಟ್ಟಿರುತ್ತೇವೆ.

ಎರಡನೆಯ ಗೇಮ್‌ನ ಕೊನೆಯ ಮಾತುಕತೆ ಒಂದಿದೆ. ಗ್ರೆನೇಡ್ ಸ್ಫೋಟದಲ್ಲಿ ಎಲೆನಾ ಸಾಯುವಷ್ಟು ಗಾಯಗೊಂಡು ಬದುಕಿದ್ದಾಳೆ. ನಾನು ಸಾಯುತ್ತೇನೆ ಅಂತ ನಿನಗೆ ಎಷ್ಟು ಭಯ ಆಗಿತ್ತು, ಹತ್ತಕ್ಕೆ ಎಷ್ಟು ಕೊಡ್ತೀಯಾ ಅಂತ ನೇಟ್‌ನನ್ನು ಕೇಳುತ್ತಾಳೆ. ನಾಲ್ಕು ಅನ್ನುತ್ತಾನೆ ಪುಣ್ಯಾತ್ಮ. ನಾಲ್ಕಾ, ಅಂತ ಅವಳು ರೇಗುತ್ತಾಳೆ. ಮಾತು ಜೋಕರ್‌ಗಳ ಭಯದವರೆಗೂ ಹೋಗುತ್ತದೆ. ಪ್ರೀತಿಸುತ್ತೇನೆ ಅನ್ನುವ ಮಾತು ಇಬ್ಬರ ಬಾಯಲ್ಲೂ ಇಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ "ಊಟ ಆಯ್ತಾ" ಅನ್ನೋದರಲ್ಲೇ ಎಲ್ಲ ಮುಗಿದುಹೋಗುತ್ತದಲ್ಲ, ಅದೇ ಲೆಕ್ಕ. ನೇಟ್‌ಗೆ ದನಿ ಕೊಟ್ಟ ನೋಲನ್ ನಾರ್ತ್, ಎಲೆನಾ ಆದ ಎಮಿಲಿ ರೋಸ್ ಒಂದೇ ಕಡೆ ನಿಂತು, ನಾಟಕದ ಥರ ಜೊತೆಯಾಗಿ ಅಭಿನಯಿಸಿ ಈ ದೃಶ್ಯಗಳನ್ನು ಮಾಡಿದವರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದು, ನಡುವೆ ನಗು ತಡೆಯುವುದು ಅಷ್ಟು ಸಹಜವಾಗಿ ಇರುವುದಕ್ಕೆ ಅದೂ ಕಾರಣ ಇರಬೇಕು.

ಮೂರನೆಯ ಗೇಮ್ ಬಗ್ಗೆ ನನಗೊಂದು ತಕರಾರಿದೆ. ಅಷ್ಟರಲ್ಲಿ ಇಬ್ಬರಿಗೂ ಮದುವೆಯಾಗಿ, ದೂರವೂ ಆಗಿಬಿಟ್ಟಿರುತ್ತಾರೆ. ಎರಡೂ ತೆರೆಯ ಹಿಂದೆ! ಯಾಕೆ ಬೇರೆಯಾದರು ಅಂತ ನೆಟ್ಟಗೆ ಹೇಳುವುದೂ ಇಲ್ಲ. ಆದರೆ ಯೆಮೆನ್‌ನಲ್ಲಿ ಸಿಕ್ಕಾಗ ಅವಳ ಬೆರಳಲ್ಲಿ ಮದುವೆ ಉಂಗುರ ಇನ್ನೂ ಇರುತ್ತದೆ. ನೇಟ್ ಅದನ್ನು ಎತ್ತಿ ಆಡಿದಾಗ, ಈ ಕಡೆಯ ದೇಶಗಳಲ್ಲಿ ಓಡಾಡೋಕೆ ಅನುಕೂಲ ಅಂತ ಹೇಳಿ ಜಾರಿಕೊಳ್ಳುತ್ತಾಳೆ. ಅವನ ಉಂಗುರ ಎಲ್ಲಿತ್ತು ಅಂತೀರಾ? ಸಲ್ಲಿ ಜೋಪಾನ ಮಾಡಿಟ್ಟಿದ್ದ, ಕೊನೆಯಲ್ಲಿ ತೆಗೆದು ಕೊಡುತ್ತಾನೆ. ಪ್ರತಿ ಗೆಳೆಯರ ಗುಂಪಿನಲ್ಲೂ ಇಂಥ ಒಬ್ಬ ಇರುತ್ತಾನೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಾಲ್ಕನೆಯ ಗೇಮ್‌ನ ನಾಲ್ಕನೆಯ ಅಧ್ಯಾಯ.

ಅಲ್ಲಿ ನೇಟ್ ನಿಧಿ ಬೇಟೆ ಬಿಟ್ಟಿದ್ದಾನೆ. ನ್ಯೂ ಆರ್ಲಿಯನ್ಸ್‌ನಲ್ಲಿ ನೀರಿಗೆ ಬಿದ್ದ ಸಾಮಾನು ಎತ್ತಿಕೊಡುವ ಕಂಪನಿಯೊಂದರಲ್ಲಿ ನೌಕರಿ. ಸಂಜೆ ಮನೆಗೆ ಬಂದವನು ಅಟ್ಟ ಹತ್ತಿ, ಹಳೆಯ ಸಾಹಸಗಳ ಗುರುತುಗಳ ನಡುವೆ ಆಟಿಕೆ ಪಿಸ್ತೂಲು ಹಿಡಿದು ಗುರಿ ಹೊಡೆಯುತ್ತಾ ಕೂತಿರುತ್ತಾನೆ. ಕೆಳಗಿಂದ ಎಲೆನಾ ಊಟಕ್ಕೆ ಕರೆಯುತ್ತಾಳೆ. ಸೋಫಾ ಮೇಲೆ ಕೂತು ಊಟ. ಅವಳು ತಾನು ಬರೆಯುತ್ತಿರುವ ಲೇಖನದ ಬಗ್ಗೆ ಹೇಳುತ್ತಿರುತ್ತಾಳೆ. ಅವನ ಗಮನ ಮೆಲ್ಲಗೆ ಗೋಡೆಯಲ್ಲಿ ತೂಗುಹಾಕಿದ ಚಿತ್ರದ ಕಡೆ ಹೋಗುತ್ತದೆ. ಅವಳ ದನಿ ಹಿಂದೆ ಸರಿಯುತ್ತದೆ. ಆಮೇಲೆ ಪಾತ್ರೆ ಯಾರು ತೊಳೆಯಬೇಕು ಅನ್ನುವುದಕ್ಕೆ ಪಂದ್ಯ. ಹಳೆಯ ಪ್ಲೇಸ್ಟೇಷನ್‌ನಲ್ಲಿ ಕ್ರ್ಯಾಶ್ ಬ್ಯಾಂಡಿಕೂಟ್ ಆಡಿ ಅವನು ಅವಳ ಸ್ಕೋರ್ ದಾಟಬೇಕು. ಅದೂ ಇದೇ ನಾಟಿ ಡಾಗ್‌ನವರ 1996ರ ಗೇಮ್. ಆಡುವುದು ನಾವೇ. ದೊಡ್ಡ ಬಂಡೆ ಬೆನ್ನಟ್ಟಿ ಬರುತ್ತದೆ, ಪಕ್ಕದಲ್ಲಿ ಎಲೆನಾ ಕಾಲೆಳೆಯುತ್ತಿರುತ್ತಾಳೆ.

ಇಡೀ ಅಧ್ಯಾಯದಲ್ಲಿ ಒಂದು ನಿಜವಾದ ಗುಂಡೂ ಹಾರುವುದಿಲ್ಲ. ಕೋಟಿಗಟ್ಟಲೆ ಸುರಿದು ಮಾಡಿದ ಆ್ಯಕ್ಷನ್ ಗೇಮ್‌ನಲ್ಲಿ ಒಂದು ಮನೆ, ಒಂದು ಊಟ, ಒಂದಿಷ್ಟು ಎಂಜಲು ಪಾತ್ರೆ. ಅವರಿಬ್ಬರೂ ಸುಖವಾಗಿದ್ದಾರೆ, ಅದು ಸುಳ್ಳಲ್ಲ. ಆದರೂ ಅವನಿಗೆ ಏನೋ ಕಡಿಮೆಯಾಗಿದೆ. ಅದು ಅವಳಿಗೆ ಗೊತ್ತು. ಕೇಳಿದರೆ ಇಲ್ಲ ಅನ್ನುತ್ತಾನೆ ಅನ್ನುವುದೂ ಗೊತ್ತು. ಇಷ್ಟನ್ನು ಹೇಳುವುದಕ್ಕೆ ಯಾರೂ ಭಾಷಣ ಮಾಡುವುದಿಲ್ಲ. ನನಗೆ ಈ ಜೋಡಿಯ ಹುಚ್ಚು ಹಿಡಿದದ್ದು ಆ ಸೋಫಾದಿಂದಲೇ.

ಮುಂದಿನದನ್ನು ಬೇಗ ಹೇಳುತ್ತೇನೆ. ಸತ್ತ ಅಂದುಕೊಂಡಿದ್ದ ಅಣ್ಣ ಸ್ಯಾಮ್ ಹದಿನೈದು ವರ್ಷದ ಮೇಲೆ ಬಂದು ನಿಲ್ಲುತ್ತಾನೆ. ಇಂಥ ಒಬ್ಬ ಅಣ್ಣ ಇದ್ದ ಅನ್ನುವುದನ್ನೇ ನೇಟ್ ಹೆಂಡತಿಗೆ ಹೇಳಿರುವುದಿಲ್ಲ. ಮಲೇಷ್ಯಾದಲ್ಲಿ ಕಂಪನಿ ಕೆಲಸ ಅಂತ ಸುಳ್ಳು ಹೇಳಿ ಅಣ್ಣನ ಜೊತೆ ನಿಧಿ ಹುಡುಕುತ್ತಾ ಇಟಲಿ, ಸ್ಕಾಟ್ಲೆಂಡ್, ಮಡಗಾಸ್ಕರ್ ಸುತ್ತುತ್ತಾನೆ. ಮಡಗಾಸ್ಕರ್‌ನಲ್ಲಿ ಆಟದ ಅತಿ ದೊಡ್ಡ ಕಾರ್ ಚೇಸ್ ಇದೆ. ಅದನ್ನು ಮುಗಿಸಿ, ಗೆದ್ದ ಖುಷಿಯಲ್ಲಿ ಹೋಟೆಲ್ ರೂಮಿನ ಬಾಗಿಲು ತೆಗೆದರೆ ಒಳಗೆ ಎಲೆನಾ ನಿಂತಿದ್ದಾಳೆ.

ಅವಳು ಕೂಗಾಡುವುದಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸುಳ್ಳು ಹೇಳಿದ್ದಕ್ಕಿಂತ, ನನ್ನನ್ನು ಜೊತೆಗೆ ಕರೆಯಬೇಕು ಅಂತ ನಿನಗೆ ಅನಿಸಲೇ ಇಲ್ಲವಲ್ಲ ಅನ್ನುವ ಥರ ನೋಡಿ ಹೊರಟುಹೋಗುತ್ತಾಳೆ.

ಇಲ್ಲಿ ನನ್ನ ಕಥೆ. ಈ ಗೇಮ್ ಆಡುವಾಗ ನಮಗೆ ಮದುವೆಯಾಗಿ ಎರಡು ವರ್ಷ. ನನ್ನ ಹೆಂಡತಿ ಗೇಮ್ ಆಡುವುದಿಲ್ಲ. ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಾ ಒಂದು ಕಣ್ಣು ಟಿವಿ ಮೇಲೆ ಇಟ್ಟಿರುತ್ತಿದ್ದಳು. ಆ ರಾತ್ರಿ ಮೊಬೈಲ್ ಕೆಳಗಿಟ್ಟು ನೋಡಿದಳು. ಆ ಪ್ಲೇಸ್ಟೇಷನ್ ಅನ್ನು ಆಫೀಸಿನ ಗೆಳೆಯನಿಂದ ಸೆಕೆಂಡ್ ಹ್ಯಾಂಡ್, ಅರ್ಧ ಬೆಲೆಗೆ ತಂದೆ ಅಂತ ಅವಳಿಗೆ ಹೇಳಿದ್ದೆ. ನಿಜ ಏನೆಂದರೆ ಅದು ಹೊಸದು, ಕಂತಿನ ಮೇಲೆ ತಂದದ್ದು. ಎಲೆನಾ ಆಚೆ ಹೋದ ಮೇಲೆ ನನಗೆ ಮುಂದೆ ಆಡೋಕೆ ಆಗಲಿಲ್ಲ. ಗೇಮ್ ನಿಲ್ಲಿಸಿ, ತಡವರಿಸುತ್ತಾ ಹೇಳಿಬಿಟ್ಟೆ.

"ಗೊತ್ತು" ಅಂದಳು. "ಡಬ್ಬ ಅಟ್ಟದ ಮೇಲಿದೆ. ಬಿಲ್ ಅದರೊಳಗೇ ಇದೆ. ಹಬ್ಬಕ್ಕೆ ಧೂಳು ಹೊಡೆಯುವಾಗಲೇ ನೋಡಿದೆ."

"ಮತ್ತೆ ಕೇಳಲೇ ಇಲ್ಲ?"

"ಯಾವಾಗ ಹೇಳ್ತೀಯಾ ಅಂತ ಕಾಯ್ತಿದ್ದೆ."

ಆವತ್ತಿನ ಪಾತ್ರೆ ಯಾರು ತೊಳೆದರು ಅಂತ ಬೇರೆ ಹೇಳಬೇಕಿಲ್ಲ.

ಸರಿ, ಗೇಮ್‌ಗೆ ವಾಪಸ್. ನೇಟ್ ಪ್ರಪಾತಕ್ಕೆ ಬಿದ್ದು ಕಣ್ಣು ತೆರೆದಾಗ ಪಕ್ಕದಲ್ಲಿ ಇರುವುದು ಎಲೆನಾ. ಹದಿನೇಳನೆಯ ಅಧ್ಯಾಯಕ್ಕೆ ಅವರ ಮದುವೆಯ ಪ್ರತಿಜ್ಞೆಯದೇ ಹೆಸರು, ಒಳಿತಿರಲಿ ಕೆಡುಕಿರಲಿ ಅನ್ನುವ ಅರ್ಥದ್ದು. ನಮ್ಮ ಕಡೆ ಪುರೋಹಿತರು ನಾತಿಚರಾಮಿ ಅಂತ ಹೇಳಿಸುತ್ತಾರಲ್ಲ, ಹಾಗೆ. ಅಷ್ಟು ಹೊತ್ತಿಗೆ ಅವನು ಎಲ್ಲ ಹೇಳಿ ಮುಗಿಸಿರುತ್ತಾನೆ. ಅನಾಥಾಲಯ, ಅಮ್ಮ, ತನ್ನ ನಿಜವಾದ ಮನೆತನದ ಹೆಸರು ಮಾರ್ಗನ್ ಅನ್ನುವುದು. ಡ್ರೇಕ್ ಅನ್ನುವುದು ಅಣ್ಣತಮ್ಮ ಸೇರಿ ಇಟ್ಟುಕೊಂಡ ಹೆಸರು. ಯೋಚಿಸಿ, ಈಕೆ ಇಷ್ಟು ವರ್ಷ ಸಂಸಾರ ಮಾಡಿದ ಗಂಡನ ಹೆಸರೇ ಅವಳಿಗೆ ಗೊತ್ತಿರಲಿಲ್ಲ.

ಈ ಅಧ್ಯಾಯದಲ್ಲಿ ಆಟ ಮಾಡುವ ಕೆಲಸವನ್ನು ಬೇರೆ ಯಾವುದರಲ್ಲೂ ಮಾಡೋಕೆ ಆಗಲ್ಲ ಅಂತ ನನ್ನ ನಂಬಿಕೆ. ಹಿಂದಿನ ಅಧ್ಯಾಯಗಳಲ್ಲಿ ಅಣ್ಣನ ಜೊತೆ ಮಾಡಿದ ಅದೇ ಕೆಲಸಗಳು. ಎತ್ತರದ ಗೋಡೆ ಸಿಕ್ಕರೆ ಒಬ್ಬರು ಕೈಜೋಡಿಸಿ ಮೆಟ್ಟಿಲಾಗುತ್ತಾರೆ, ಇನ್ನೊಬ್ಬರು ಹತ್ತಿ ಮೇಲಿಂದ ಕೈ ಕೊಡುತ್ತಾರೆ. ಅದೇ ಬಟನ್. ಆದರೆ ಈಗ ಮಾತು ಕಡಿಮೆ, ಇದ್ದರೂ ಅಳೆದು ತೂಗಿ. ಸಿಟ್ಟು ಇಳಿಯದೆಯೂ ಅವಳು ಕೈ ಕೊಡುತ್ತಲೇ ಇರುತ್ತಾಳೆ. ಬಟನ್ ಒತ್ತುವವನು ನಾನು, ಆ ಕೈ ಹಿಡಿಯುವವನೂ ನಾನೇ. ಹೀಗೆ ಹತ್ತಿಳಿದು ಒಂದು ಗಂಟೆ ಕಳೆಯುವಷ್ಟರಲ್ಲಿ ಯಾರೋ ಒಂದು ಸಣ್ಣ ತಮಾಷೆ ಮಾಡುತ್ತಾರೆ, ಇನ್ನೊಬ್ಬರು ನಗುತ್ತಾರೆ. ಎಲ್ಲಿ ಸರಿಹೋಯಿತು ಅಂತ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ. ಮನೆ ಜಗಳಗಳೂ ಹೀಗೇ ಅಲ್ವಾ ಮುಗಿಯುವುದು?

ಕೊನೆಯಲ್ಲಿ ಸ್ಯಾಮ್ ಜೇಬಿಗೆ ಸೇರಿಸಿದ್ದ ಒಂದಿಷ್ಟು ಚಿನ್ನದಿಂದ ಎಲೆನಾ ನೇಟ್ ಕೆಲಸ ಮಾಡುತ್ತಿದ್ದ ಕಂಪನಿಯನ್ನೇ ಕೊಂಡುಬಿಡುತ್ತಾಳೆ. ಅವನು ಸುಳ್ಳಿಗೆ ಬಳಸಿದ್ದ ಮಲೇಷ್ಯಾ ಕೆಲಸಕ್ಕೆ ನಿಜವಾಗಿ ಹೋಗೋಣ, ಪರ್ಮಿಟ್ ಸಮೇತ, ಇಬ್ಬರೂ ಅನ್ನುತ್ತಾಳೆ. ಸಾಹಸದ ರುಚಿ ಅವಳಿಗೂ ಹತ್ತಿತ್ತು. ವರ್ಷಗಳ ನಂತರ ಅವರ ಮಗಳು ಕ್ಯಾಸಿ ಸಮುದ್ರದ ದಡದ ಮನೆಯಲ್ಲಿ ಕೂತು ಅದೇ ಕ್ರ್ಯಾಶ್ ಬ್ಯಾಂಡಿಕೂಟ್ ಆಡುತ್ತಿರುತ್ತಾಳೆ.

ನನಗೆ ಈ ಮುಕ್ತಾಯ ತುಂಬಾ ಇಷ್ಟ. ನನ್ನ ಹೆಂಡತಿಗೆ ಅಷ್ಟಾಗಿ ಇಲ್ಲ. ಎಲೆನಾ ಬೇಗ ಕ್ಷಮಿಸಿಬಿಟ್ಟಳು, ಇನ್ನೂ ಎರಡು ಅಧ್ಯಾಯವಾದರೂ ಅವನ ಕೈಲಿ ಒಬ್ಬನೇ ಬಂಡೆ ಹತ್ತಿಸಬೇಕಿತ್ತು ಅನ್ನುವುದು ಅವಳ ವಾದ. ಈ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.